ಹಂಗಿಲ್ಲದ ಲೇಖನಿ

(ಮಡಿಕೇರಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



1932ರಲ್ಲಿ ಇದೇ ಮಡಿಕೇರಿಯಲ್ಲಿ ಹದಿನೆಂಟನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷರು ಡಿ.ವಿ. ಗುಂಡಪ್ಪ. ಆ ಹೆಸರು ಕೇಳಿದೊಡನೆ ಇಂದು ನಮಗೆ 'ಮಂಕುತಿಮ್ಮನ ಕಗ್ಗ' ನೆನಪಾಗುತ್ತದೆ. ಆದರೆ ಕಗ್ಗ ಪ್ರಕಟವಾದದ್ದು 1943ರಲ್ಲಿ. ಅಂದು ನಿಮ್ಮ ಊರಿಗೆ ಬಂದವರು ಹೆಚ್ಚಾಗಿ ರಾಜಕೀಯ ಪತ್ರಕರ್ತರೆಂದೇ ಬಾಳು ಸವೆಸಿದ್ದ ಲೇಖಕರು. ಆ ಗುಂಡಪ್ಪನವರ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಕೋಲಾರದ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿ ಕೆಲಸ ಮಾಡಿದರು. ಕೊನೆಗೆ ಅವರ ಕೈ ಹಿಡಿದದ್ದು ಪತ್ರಿಕೆ.

ಅದು ಪತ್ರಿಕೆಗಳಿಗೆ ಸುಖದ ಕಾಲವಾಗಿರಲಿಲ್ಲ. ಮೈಸೂರು ಸಂಸ್ಥಾನವು 1908ರಲ್ಲಿ ಪತ್ರಿಕಾ ಕಾನೂನೊಂದನ್ನು ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿರಲಿಲ್ಲ. 'ತಾತಯ್ಯ' ಎಂದು ಜನ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಇಂಥ ವಾತಾವರಣದಲ್ಲಿ ಗುಂಡಪ್ಪನವರು 1913ರಲ್ಲಿ, ವಾರಕ್ಕೆ ಎರಡು ಬಾರಿ ಬರುವ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು.

ಅವರ ಮುಖ್ಯ ವಿಷಯ ದೇಶೀಯ ಸಂಸ್ಥಾನಗಳ ಪ್ರಜೆಗಳ ಪಾಡು. ಈ ಪ್ರಜೆಗಳ ಮೇಲೆ ಎರಡು ಭಾರ: ಮುಂದೆ ಮಹಾರಾಜರ ಸರ್ಕಾರ, ಅದರ ಹಿಂದೆ ಬ್ರಿಟಿಷ್ ರೆಸಿಡೆಂಟರ ಕಣ್ಣು. ಈ ಕುರಿತು 1917ರಲ್ಲಿಯೇ ಅವರು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕೊಡಗಿನವರಿಗೆ ಇದು ದೂರದ ಮಾತಲ್ಲ. 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಕೊಡಗಿಗೆ ಚೀಫ್ ಕಮಿಷನರ್ ಆಗಿದ್ದವರು, 1940ರವರೆಗೂ, ಬೆಂಗಳೂರಿನಲ್ಲಿ ಕುಳಿತ ಅದೇ ಮೈಸೂರು ರೆಸಿಡೆಂಟರು! ಗಡಿ ಎರಡು, ಮೇಲಿನ ಧಣಿ ಒಬ್ಬನೇ. ಆ ಗಡಿಗಳನ್ನು ದಾಟಿ ಕನ್ನಡಿಗರು ಒಂದೆಡೆ ಸೇರಲು ಸಾಹಿತ್ಯ ಸಮ್ಮೇಳನವೂ ಆಗ ಒಂದು ದಾರಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ. ಆಳುವವರಿಂದ ದೂರವಿದ್ದು ಟೀಕಿಸುವುದು ಒಂದು ಬಗೆ. ಹತ್ತಿರವಿದ್ದೂ ನಾಲಗೆಯನ್ನು ಸ್ವತಂತ್ರವಾಗಿ ಇಟ್ಟುಕೊಳ್ಳುವುದು ಇನ್ನೂ ಕಷ್ಟ. 1912ರ ಕೊನೆಯಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರಿಗೆ ಗುಂಡಪ್ಪನವರು ಆಪ್ತರು. ಸರ್ಕಾರಕ್ಕಾಗಿ ಅವರು ಮಾಡಿದ ಕೆಲಸಕ್ಕೆ ಸಂಭಾವನೆಯ ಚೆಕ್ಕುಗಳು ಬರುತ್ತಿದ್ದವು. ಅವನ್ನು ಅವರು ನಗದು ಮಾಡಿಸಲೇ ಇಲ್ಲವೆಂದೂ, ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಹಾಗೆಯೇ ಸಿಕ್ಕವೆಂದೂ ಅವರನ್ನು ಬಲ್ಲವರು ಹೇಳುತ್ತಾರೆ. ಮನೆಯಲ್ಲಿ ಹಣ ಹೆಚ್ಚಾಗಿದ್ದು ಹೀಗೆ ಮಾಡಿದರೆಂದು ಭಾವಿಸಬೇಡಿ. ಬಡತನ ಅವರ ಮನೆಯಲ್ಲಿ ನೆಂಟನಂತೆ ಬಂದು ಮನೆಯವನಂತೆ ಉಳಿದಿತ್ತು.

1940ರವರೆಗೆ ಅವರು ಮೈಸೂರಿನ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ಪತ್ರಿಕಾವೃತ್ತಿಯ ಕುರಿತು 'ವೃತ್ತಪತ್ರಿಕೆ' ಎಂಬ ಪುಸ್ತಕವನ್ನೂ, ಮುಂದೆ ಸಾಮಾನ್ಯ ಓದುಗನಿಗಾಗಿ 'ರಾಜ್ಯಶಾಸ್ತ್ರ'ವನ್ನೂ ಕನ್ನಡದಲ್ಲಿ ಬರೆದರು. ಮತ ಹಾಕುವವನಿಗೆ ರಾಜ್ಯದ ತಿಳಿವಳಿಕೆ ಇಲ್ಲದಿದ್ದರೆ ಪ್ರಜಾಪ್ರಭುತ್ವ ಬರಿಯ ಹೆಸರಾಗುತ್ತದೆ ಎಂಬುದು ಅವರ ಚಿಂತೆ. ಅದಕ್ಕಾಗಿಯೇ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ನಾಗರಿಕರು ಸನ್ಮಾನಿಸಿ ಹಮ್ಮಿಣಿ ಅರ್ಪಿಸಿದಾಗ ಆ ಹಣವನ್ನು ಸಂಸ್ಥೆಗೇ ಕೊಟ್ಟುಬಿಟ್ಟರು. 1975ರಲ್ಲಿ ತೀರಿಕೊಂಡರು.

ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅರಸೊತ್ತಿಗೆಯ ಬಗ್ಗೆ ಅವರಿಗಿದ್ದ ಗೌರವ ಇಂದಿನ ಹಲವರಿಗೆ ಅತಿಯೆನಿಸಬಹುದು. ಆದರೆ ಅವರು ಬರೆದದ್ದು ಅವರದೇ ನಂಬಿಕೆ, ಯಾರದೋ ಋಣ ತೀರಿಸುವ ಮಾತಲ್ಲ ಎಂಬ ವಿಶ್ವಾಸ ಓದುಗನಿಗಿತ್ತು. ಪತ್ರಕರ್ತನ ನಿಜವಾದ ಬಂಡವಾಳ ಅದು. ನಾಳೆ ಬೆಳಗ್ಗೆ ಪತ್ರಿಕೆ ಕೈಗೆತ್ತಿಕೊಂಡಾಗ, ಇದನ್ನು ಬರೆದವರು ಯಾರ ಹಂಗಿನಲ್ಲಿದ್ದಾರೆ ಎಂದು ನಾವೂ ಒಮ್ಮೆ ಕೇಳಿಕೊಳ್ಳೋಣ. ಮಡಿಕೇರಿ ಅಧ್ಯಕ್ಷ ಪೀಠ ಕೊಟ್ಟು ಗೌರವಿಸಿದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಮರ್ಯಾದೆ ಅದೇ.