‘ಟೂ – ಟು’: ಮಾತಿನೊಳಗೆ ಅಡಗಿದ ‘ಇಲ್ಲ’

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)

 

ಉರ್ದು ಮತ್ತು ಕನ್ನಡ ಕಲಿಸುವ ಈ ಮಾಸ್ತರ ಇಂಗ್ಲಿಷ್ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಕ್ಕಳು ಇಂಗ್ಲಿಷ್ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಮನೆಯ ದಖನಿ, ಓಣಿಯ ಕನ್ನಡ, ಹೀಗೆ ಎರಡು ಭಾಷೆಗಳನ್ನು ಹೊತ್ತುಕೊಂಡೇ ಬರುತ್ತಾರೆ. ಆ ಎರಡರ ಬೆಳಕಿನಲ್ಲಿ ಇಂಗ್ಲಿಷಿನ ಒಂದೇ ಒಂದು ವಾಕ್ಯರಚನೆಯನ್ನು ನೋಡೋಣ ಎಂಬುದು ನನ್ನ ಆಸೆ. ಅದು ನೀವೆಲ್ಲ ಬಲ್ಲ ‘ಟೂ – ಟು’.

ನಮ್ಮ ರಾಜ್ಯದ ಕನ್ನಡ, ಉರ್ದು ಮಾಧ್ಯಮದ ಸರಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಭಾಷೆಯನ್ನು ಕಲಿಸಲಾಗುತ್ತಿದೆ. ಅಂದರೆ ಇಂದು ಹತ್ತನೆಯ ತರಗತಿಯಲ್ಲಿ ಕುಳಿತ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಆದರೂ ‘ಟೂ – ಟು’ ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂದರೆ ಇಡೀ ತರಗತಿ ಗೈಡಿನಲ್ಲಿರುವ ‘ಹೀ ಈಸ್ ಟೂ ವೀಕ್ ಟು ವಾಕ್’ ಎಂಬುದನ್ನೇ ಬರೆಯುತ್ತದೆ. ನಲವತ್ತು ಮಕ್ಕಳಿದ್ದರೆ ನಲವತ್ತು ನೋಟುಬುಕ್ಕುಗಳಲ್ಲೂ ಅದೇ ನಡೆಯಲಾರದ ಮನುಷ್ಯ!

ಈಗ ಒಂದು ಕಪ್ ಚಹಾ ತೆಗೆದುಕೊಳ್ಳಿ. ‘ದಿ ಟೀ ಈಸ್ ಟೂ ಹಾಟ್ ಟು ಡ್ರಿಂಕ್.’ ಮೊದಲಿನದು ಉದ್ದನೆಯ ‘ಟೂ’, ಎರಡು ‘ಓ’ ಇರುವುದು. ನಂತರ ಗುಣ ಹೇಳುವ ಪದ. ಆಮೇಲೆ ಗಿಡ್ಡ ‘ಟು’ ಮತ್ತು ಕ್ರಿಯಾಪದ. ಇದರ ಅರ್ಥವೇನು? ಮನೆಯಲ್ಲಿ ನಾವು ‘ಚಾಯ್ ಇತ್ತೀ ಗರಮ್ ಹೈ ಕಿ ಪೀ ನೈ ಸಕ್ತೇ’ ಎನ್ನುತ್ತೇವೆ. ಕನ್ನಡದಲ್ಲಿ ‘ಚಹಾ ಕುಡಿಯಲಾಗದಷ್ಟು ಬಿಸಿ ಇದೆ’ ಎನ್ನುತ್ತೇವೆ. ದಖನಿಯಲ್ಲಿ ‘ನೈ’ ಎಂಬುದು ಕಿವಿಗೆ ಕೇಳಿಸುತ್ತದೆ. ಕನ್ನಡದಲ್ಲಿ ‘ಆಗದಷ್ಟು’ ಎಂಬುದರೊಳಗೆ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಎಲ್ಲಿಯೂ ‘ನಾಟ್’ ಇಲ್ಲ. ಆ ‘ಇಲ್ಲ’ವನ್ನು ‘ಟೂ’ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. ಈ ರಚನೆಯ ಗುಟ್ಟು ಇಷ್ಟೇ.

ಈ ಗುಟ್ಟು ತಿಳಿಯದೆ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಬಿ.ಇಡಿ. ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳು. ಒಂದು ಶಾಲೆಯ ಸಂದರ್ಶನದಲ್ಲಿ ‘ಕಲಿಸಲು ತುಂಬಾ ಆಸಕ್ತಿ ಇದೆ’ ಎಂದು ಹೇಳಬೇಕಿತ್ತು. ‘ಐ ಆಮ್ ಟೂ ಇಂಟರೆಸ್ಟೆಡ್ ಟು ಟೀಚ್’ ಎಂದುಬಿಟ್ಟೆ. ಎದುರಿಗಿದ್ದ ಹಿರಿಯರೊಬ್ಬರು ನಕ್ಕು, ‘ಹಾಗಾದರೆ ಕಲಿಸುವುದಿಲ್ಲ ಅನ್ನಿ’ ಎಂದರು. ಅವರು ಏಕೆ ನಕ್ಕರೆಂಬುದು ಅಂದು ತಿಳಿಯಲಿಲ್ಲ. ಕೆಲಸವೂ ಸಿಗಲಿಲ್ಲ. ‘ತುಂಬಾ’ ಎನ್ನುವುದಕ್ಕೆ ‘ವೆರಿ’ ಇದೆ, ‘ಟೂ’ ಎಂದರೆ ‘ಮಿತಿ ಮೀರಿದ್ದು’ ಎಂದು ನಂತರ ಕಲಿತೆ. ‘ವೆರಿ ಹಾಟ್’ ಎಂದರೆ ಚಹಾ ಬಿಸಿ ಇದೆ, ಊದಿಕೊಂಡು ಕುಡಿಯಬಹುದು. ‘ಟೂ ಹಾಟ್ ಟು ಡ್ರಿಂಕ್’ ಎಂದರೆ ಕಪ್ಪು ಕೆಳಗಿಡಬೇಕು.

ವಿದ್ಯಾರ್ಥಿಗಳು ಇನ್ನೂ ಕೆಲವು ಸಂಗತಿ ನೆನಪಿಡಿ. ‘ಸೋ – ದ್ಯಾಟ್’ ಎಂದು ಬದಲಿಸಿ ಬರೆಯುವಾಗ ಅಡಗಿದ ‘ಇಲ್ಲ’ ಹೊರಗೆ ಬರಲೇಬೇಕು: ‘ದಿ ಟೀ ಈಸ್ ಸೋ ಹಾಟ್ ದ್ಯಾಟ್ ಐ ಕೆನಾಟ್ ಡ್ರಿಂಕ್ ಇಟ್.’ ಇಲ್ಲಿ ಕೊನೆಯಲ್ಲಿ ‘ಇಟ್’ ಬೇಕು. ‘ಟೂ ಹಾಟ್ ಟು ಡ್ರಿಂಕ್’ ಎಂಬಲ್ಲಿ ‘ಇಟ್’ ಬೇಡ. ಹಿಂದೆ ನಡೆದದ್ದನ್ನು ಹೇಳುವಾಗ ‘ಈಸ್’ ಹೋಗಿ ‘ವಾಸ್’ ಬರುತ್ತದೆ, ಆದರೆ ‘ಟು’ ನಂತರದ ಕ್ರಿಯಾಪದ ಬದಲಾಗದು: ‘ಹೀ ವಾಸ್ ಟೂ ಟಯರ್ಡ್ ಟು ವಾಕ್.’ ಯಾರಿಗೆ ಆಗದು ಎಂದು ಹೇಳಬೇಕಾದರೆ ನಡುವೆ ‘ಫಾರ್’ ಬರುತ್ತದೆ. ನಮ್ಮ ಇಂಡಿಯ ಲಿಂಬೆಯ ಚೀಲವನ್ನೇ ನೋಡಿ: ‘ದಿಸ್ ಬ್ಯಾಗ್ ಆಫ್ ಲೈಮ್ಸ್ ಈಸ್ ಟೂ ಹೆವಿ ಫಾರ್ ಮೈ ಬ್ರದರ್ ಟು ಲಿಫ್ಟ್.’ ತಮ್ಮನಿಗೆ ಎತ್ತಲಾಗದಷ್ಟು ಭಾರ. ಒಂದು ಅಪವಾದವೂ ಇದೆ. ‘ಐ ಆಮ್ ಓನ್ಲಿ ಟೂ ಹ್ಯಾಪಿ ಟು ಹೆಲ್ಪ್’ ಎಂದರೆ ಸಹಾಯ ಮಾಡಲು ಬಹಳ ಸಂತೋಷ ಎಂದರ್ಥ. ‘ಓನ್ಲಿ’ ಬಂದಾಗ ‘ಇಲ್ಲ’ ಹೊರಟುಹೋಗುತ್ತದೆ.

ಮೊಬೈಲಿಗೆ ಲಾಟರಿ ಹೊಡೆದಿದೆ ಎಂಬ ಸಂದೇಶ ಬರುತ್ತದಲ್ಲ, ಅದಕ್ಕೆ ಇಂಗ್ಲಿಷಿನವರು ‘ಟೂ ಗುಡ್ ಟು ಬಿ ಟ್ರೂ’ ಎನ್ನುತ್ತಾರೆ. ನಿಜವಾಗಿರಲಾರದಷ್ಟು ಒಳ್ಳೆಯದು! ಈ ಒಂದು ವಾಕ್ಯದ ಅರ್ಥ ತಿಳಿದರೆ ಬ್ಯಾಂಕಿನಲ್ಲಿರುವ ಹಣ ಉಳಿದೀತು.

ಈಗ ಒಂದು ನೋಟುಬುಕ್ಕಿನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಹತ್ತನೆಯ ತರಗತಿಯನ್ನು ನಾನು ತೆಗೆದುಕೊಂಡೆ. ಗೈಡಿನ ವಾಕ್ಯ ಬೇಡ, ನಿಮ್ಮ ಮನೆಯ ಮಾತು ಬರೆಯಿರಿ ಎಂದೆ. ಒಬ್ಬ ಹುಡುಗಿ, ಹೆಸರು ಬೇಡ, ಹೀಗೆ ಬರೆದಿದ್ದಳು: ‘ಐ ಆಮ್ ಟೂ ಯಂಗ್ ಟು ಮ್ಯಾರಿ.’

ವ್ಯಾಕರಣ ಸರಿಯಾಗಿತ್ತು. ಆದರೆ ಸರಿ ಗುರುತು ಹಾಕಿ ಪುಟ ಮಗುಚಲು ನನಗೆ ಆಗಲಿಲ್ಲ. ಮುಖ್ಯಗುರುಗಳಿಗೆ ತೋರಿಸಿದೆ. ಇಬ್ಬರೂ ಅವರ ಮನೆಗೆ ಹೋದೆವು. ತಂದೆ ಲಿಂಬೆ ತೋಟದ ಕೂಲಿ, ಓದು ಬರಹ ಬಾರದವರು. ಪಕ್ಕದ ಸೋಲಾಪುರದ ಕಡೆಯಿಂದ ಸಂಬಂಧ ಬಂದಿತ್ತು. ‘ಇಂಗ್ರೇಜಿ ಮೇ ಕ್ಯಾ ಲಿಖೀ?’ ಎಂದು ಕೇಳಿದರು. ಹೇಳಿದೆ: ‘ಮೇರೀ ಉಮರ್ ಇತ್ತೀ ಕಮ್ ಹೈ ಕಿ ಶಾದೀ ನೈ ಕರ್ ಸಕ್ತೀ.’ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಹೆಣ್ಣಿಗೆ 18, ಗಂಡಿಗೆ 21 ತುಂಬುವ ಮೊದಲು ಮದುವೆ ಮಾಡಬಾರದೆಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳುತ್ತದೆ ಎಂದು ಮುಖ್ಯಗುರುಗಳು ವಿವರಿಸಿದರು. ಆದರೆ ಕಾಯ್ದೆಗಿಂತ ಮಗಳ ಆ ವಾಕ್ಯವೇ ತಂದೆಗೆ ಹೆಚ್ಚು ನಾಟಿತೆಂದು ನನ್ನ ಭಾವನೆ. ಮನೆಯ ಭಾಷೆಯಲ್ಲಿ ಬಾಯಿಬಿಟ್ಟು ಹೇಳಲಾಗದ ‘ನೈ’ಯನ್ನು ಆಕೆ ‘ನಾಟ್’ ಇಲ್ಲದ ಇಂಗ್ಲಿಷ್ ವಾಕ್ಯದಲ್ಲಿ ಬಚ್ಚಿಟ್ಟು ನಮ್ಮ ಕೈಗೆ ಕೊಟ್ಟಿದ್ದಳು. ಮಾತು ಮುಂದಕ್ಕೆ ಹೋಯಿತು. ಆಕೆ ಪರೀಕ್ಷೆ ಬರೆದಳು, ಪಿಯುಸಿ ಸೇರಿದಳು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅಷ್ಟು ದಿನ ಅವಳನ್ನು ಯಾರೂ ಸ್ವಂತ ವಾಕ್ಯ ಕೇಳಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ.

ಪಾಲಕರೆ, ‘ಟೂ’ ನಮ್ಮ ಬಾಯಲ್ಲಿ ಬಹಳ ಸಲೀಸಾಗಿ ಬರುತ್ತದೆ. ನಾವು ಓದಿಸಲಾಗದಷ್ಟು ಬಡವರು, ಕಾಲೇಜು ಕಳಿಸಲಾಗದಷ್ಟು ದೂರ, ಕಲಿಯಲಾಗದಷ್ಟು ವಯಸ್ಸಾಯಿತು. ಕೆಲವು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಇದೇ ರಚನೆಗೆ ಒಬ್ಬ ಜೋಡಿ ಇದ್ದಾನೆ, ಅವನ ಹೆಸರು ‘ಎನಫ್’. ಸಾಕಷ್ಟು ಎಂದರ್ಥ. ‘ಟೂ’ ಗುಣಪದದ ಮೊದಲು ಬಂದರೆ ‘ಎನಫ್’ ಅದರ ನಂತರ ಬರುತ್ತದೆ. ‘ಶಿ ಈಸ್ ಟೂ ಯಂಗ್ ಟು ಮ್ಯಾರಿ’ ಎಂದು ಬರೆದ ಪುಟದಲ್ಲಿಯೇ ‘ಶಿ ಈಸ್ ಓಲ್ಡ್ ಎನಫ್ ಟು ಗೋ ಟು ಕಾಲೇಜ್’ ಎಂದು ಬರೆಯಬಹುದು. ಅದೇ ಹುಡುಗಿ, ಅದೇ ವಯಸ್ಸು. ದೂರದ ಮಾತಿಗೂ ಉತ್ತರ ಇದೆ. 2003ರಲ್ಲಿ ಆರಂಭವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಇರುವುದು ನಮ್ಮದೇ ಜಿಲ್ಲಾ ಕೇಂದ್ರ ವಿಜಯಪುರದಲ್ಲಿ.

ಮಕ್ಕಳೇ, ಮನೆಮಾತಿನ ಬಗ್ಗೆ ನಾಚಿಕೆ ಬೇಡ. ಇದೇ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನೌರಸ್’ ರಚಿಸಿದ್ದು ದಖನಿಯಲ್ಲಿ. ಇಂಗ್ಲಿಷ್ ವಾಕ್ಯ ತಿಳಿಯದಿದ್ದಾಗ ಅದನ್ನು ಮನೆಮಾತಿನಲ್ಲಿ ಹೇಳಿ ನೋಡಿ. ‘ನೈ’ ಎಲ್ಲಿ ಬರುತ್ತದೆ ನೋಡಿ. ದಿನಕ್ಕೆ ಒಂದೇ ವಾಕ್ಯ ಸಾಕು, ಆದರೆ ಅದು ನಿಮ್ಮದಾಗಿರಲಿ.

ಕೊನೆಯದಾಗಿ, ಇಲ್ಲಿ ಕುಳಿತ ತಾಯಂದಿರಿಗೂ ಒಂದು ವಾಕ್ಯ: ‘ಇಟ್ ಈಸ್ ನೆವರ್ ಟೂ ಲೇಟ್ ಟು ಲರ್ನ್.’ ‘ಟೂ’ವಿನಲ್ಲಿ ಒಂದು ‘ಇಲ್ಲ’ ಇದೆ, ‘ನೆವರ್’ ಇನ್ನೊಂದು ‘ಇಲ್ಲ’. ಎರಡು ‘ಇಲ್ಲ’ ಕೂಡಿದರೆ ‘ಇದೆ’ ಆಗುತ್ತದೆ. ಕಲಿಯಲಾಗದಷ್ಟು ತಡ ಎಂಬುದು ಎಂದೂ ಇಲ್ಲ.

ಇಲ್ಮ್ ಹಾಸಿಲ್ ಮಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.  ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.