ರದ್ದಾದ ಕಲಮಿನ ಬೆನ್ನು ಹತ್ತಿ



ಮಾಲೇಕಲ್ಲು ತಿರುಪತಿಯ ತೇರಿನ ದಿನ ಕುಡಿಯಲು ನೀರಿರಲಿಲ್ಲವೆಂದು ನೀವು ಫೇಸ್‌ಬುಕ್ಕಿನಲ್ಲಿ ನಾಲ್ಕು ಮಾತು ಬರೆದಿರೆನ್ನಿ. ಅದು ಅಪರಾಧವೇ? 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಮುಂಬಯಿ ಬಂದ್ ಕುರಿತು ಬರೆದಳು. ಇನ್ನೊಬ್ಬಳು ಅದನ್ನು ಮೆಚ್ಚಿದಳು, ಅಷ್ಟೇ. ಇಬ್ಬರೂ ಬಂಧಿತರಾದರು. ಹಚ್ಚಿದ ಕಲಮುಗಳಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಒಂದು. ಕಿರಿಕಿರಿ ಉಂಟುಮಾಡುವ ಸಂದೇಶವೂ ಅದರ ಪ್ರಕಾರ ಅಪರಾಧವಾಗಬಹುದಿತ್ತು. ಯಾರಿಗೆ, ಎಷ್ಟು ಕಿರಿಕಿರಿ? ಕಲಮು ಹೇಳಿರಲಿಲ್ಲ.

ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ ಶ್ರೇಯಾ ಸಿಂಘಾಲ್, ತೀರ್ಪು ಬರುವ ವೇಳೆಗೆ ಕಾನೂನು ವಿದ್ಯಾರ್ಥಿನಿ. ಸಂವಿಧಾನದ 19ನೇ ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2015ರ ಮಾರ್ಚ್ 24ರಂದು ಕಲಮು ರದ್ದಾಯಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪೊಲೀಸ್ ಠಾಣೆಗಳಲ್ಲಿ ಸತ್ತ ಕಲಮಿನಡಿ ಮೊಕದ್ದಮೆಗಳು ಹುಟ್ಟುತ್ತಲೇ ಇದ್ದವು! ಇದನ್ನು ಬಯಲಿಗೆಳೆದವರು ಕೋರ್ಟಿನ ದಾಖಲೆಗಳನ್ನು ತಾಳ್ಮೆಯಿಂದ ಹುಡುಕಿದ ಸಂಶೋಧಕರು. ಪಿಯುಸಿಎಲ್ ಸಂಸ್ಥೆ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಕಲಮಿನಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಕೂಡದೆಂದು 2022ರ ಅಕ್ಟೋಬರ್ 12ರಂದು ಆದೇಶವಾಯಿತು.

ಕಾನೂನು ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಮಾಡಬಹುದಾದ ಕೆಲಸ ಇಲ್ಲಿದೆ. ಭಾಷಣಕ್ಕಿಂತ ಬೇಸರದ ಕೆಲಸ, ನಿಜ. ಅರಸೀಕೆರೆ, ಬೇಲೂರು ನ್ಯಾಯಾಲಯಗಳ ಮೊಕದ್ದಮೆಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಕಾಯ್ದೆಯ ಹೆಸರು ಹಿಡಿದು ಹುಡುಕಬಹುದು. ಕಲಮು, ದಿನಾಂಕ, ಮೊಕದ್ದಮೆಯ ಹಂತ ಬರೆದುಕೊಳ್ಳಿ. ಆರೋಪಿಯ ಹೆಸರು ನಿಮ್ಮ ವರದಿಗೆ ಬೇಡ. 2015ರ ಮಾರ್ಚ್ 24ರ ನಂತರವೂ 66ಎ ಕಂಡರೆ, ತೀರ್ಪಿನ ಪ್ರತಿಯೊಡನೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ತಿಳಿಸಿ.