ಹಿನ್ನೀರಿನ ನಡುವೆ ನಿಂತ ಯಂತ್ರ

(ಶರಾವತಿ ಹಿನ್ನೀರಿನ ದಡದ ಹಳ್ಳಿಯೊಂದರಲ್ಲಿ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನಿಗೂ ದೋಣಿಯ ಮೋಟಾರಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಆ ಸಂಬಂಧ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ಸಂಜೆ, ಮಣ್ಣಿನ ಮಾದರಿಗಳ ಚೀಲಗಳೊಡನೆ ಮೀನುಗಾರರೊಬ್ಬರ ದೋಣಿಯಲ್ಲಿ ಹಿನ್ನೀರು ದಾಟುತ್ತಿದ್ದೆ. ಪ್ರೊಪೆಲ್ಲರು ಮುಳುಗಿದ್ದ ಮರದ ಬೊಡ್ಡೆಗೆ ಬಡಿಯಿತು. ಎಂಜಿನ್ ಅರಚುತ್ತಿತ್ತು, ದೋಣಿ ಮಾತ್ರ ಮುಂದೆ ಹೋಗಲೊಲ್ಲದು. ಪ್ರೊಪೆಲ್ಲರನ್ನು ದಂಡಕ್ಕೆ ಬಂಧಿಸುವ ಷಿಯರ್ ಪಿನ್ ತುಂಡಾಗಿತ್ತು. ಬದಲಿ ಪಿನ್ ಇರಲಿಲ್ಲ. ವಿದ್ಯಾವಂತನಾದ ನಾನು ಗಟ್ಟಿ ಉಕ್ಕಿನ ಮೊಳೆಯೊಂದನ್ನು ಕತ್ತರಿಸಿ ಅಲ್ಲಿಗೆ ತೂರಿಸಿದೆ. ದಡ ಸೇರಿದೆವು, ಹೊಗಳಿಕೆಯೂ ದೊರೆಯಿತು. ಮರುದಿನವೇ ಆ ಮೊಳೆಯನ್ನು ತೆಗೆಯಿರೆಂದು ಹೇಳಬೇಕಿತ್ತು, ಹೇಳಲಿಲ್ಲ. ಎರಡು ವಾರಗಳ ಬಳಿಕ ಮತ್ತೊಂದು ಬೊಡ್ಡೆ ಸಿಕ್ಕಿತು. ಈ ಬಾರಿ ಮೊಳೆ ಮುರಿಯಲಿಲ್ಲ, ಒಳಗಿನ ಗೇರಿನ ಹಲ್ಲುಗಳು ಮುರಿದವು. ಆ ಕುಟುಂಬದ ಬಲೆ ಒಂದು ತಿಂಗಳು ಒಣಗಿಯೇ ಇತ್ತು.

ಷಿಯರ್ ಪಿನ್ ಮೆದು ಲೋಹದ್ದಾಗಿರುವುದು ಕಂಪನಿಯ ಜಿಪುಣತನದಿಂದಲ್ಲ. ಗೇರು ಉಳಿಯಲೆಂದು ತಾನು ಮುರಿಯುವುದೇ ಅದರ ಕೆಲಸ. ಕೆಲವು ಮೋಟಾರುಗಳಲ್ಲಿ ಪಿನ್ನಿನ ಬದಲು ರಬ್ಬರಿನ ಬುಷ್ ಇರುತ್ತದೆ. ಪಿನ್ ಇರುವವರು ಅದೇ ಅಳತೆಯ ಎರಡು ಪಿನ್, ಒಂದು ಸೀಳುಪಿನ್, ಒಂದು ಇಕ್ಕಳವನ್ನು ದೋಣಿಯಲ್ಲಿಯೇ ಕಟ್ಟಿಡತಕ್ಕದ್ದು.

ಈ ಬೊಡ್ಡೆಗಳ ಕಥೆ ನಿಮಗೆ ತಿಳಿದದ್ದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಗದ್ದೆ, ತೋಟ, ಕಾಡುಗಳು ಮುಳುಗಿದವು. ನೀರಿಳಿದಾಗ ನಮಗೆ ಬಡಿಯುವುದು ಆ ಕಾಡೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಇನ್ನು ದೋಣಿಯೇಕೆ ಎಂದು ಕೇಳುವವರಿದ್ದಾರೆ. ಸೇತುವೆಯ ಮೇಲಿಂದ ಬಲೆ ಬೀಸಲಾಗದು. ಆಚೆ ದಡದ ತುಂಡು ಗದ್ದೆಗೆ ಸೇತುವೆ ತಲುಪುವುದೂ ಇಲ್ಲ.

ಎಂಜಿನ್ ಹೊತ್ತದಿದ್ದರೆ ಮೊದಲು ಹಗ್ಗ ಎಳೆದೆಳೆದು ತೋಳು ಸೋಲಿಸಿಕೊಳ್ಳಬೇಡಿ. ಸುರಕ್ಷತೆಯ ದಾರದ ಕ್ಲಿಪ್ಪು ಕಳಚಿದೆಯೇ ನೋಡಿ. ಅದು ಕಳಚಿದ್ದರೆ ಕಿಡಿಯೇ ಬಾರದು. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ತೆರೆದಿದೆಯೇ? ಇಂಧನದ ಕೊಳವೆಯಲ್ಲಿರುವ ರಬ್ಬರಿನ ಉಂಡೆ ಹಿಸುಕಿದಾಗ ಗಟ್ಟಿಯಾಗುತ್ತದೆಯೇ? ನಾನು ಕಂಡ ‘ಕೆಟ್ಟ’ ಮೋಟಾರುಗಳಲ್ಲಿ ಎಷ್ಟೋ ಈ ಮೂರರಲ್ಲೇ ಗುಣವಾಗಿವೆ. ಆನಂತರ ಸ್ಪಾರ್ಕ್ ಪ್ಲಗ್ ಬಿಚ್ಚಿರಿ. ಒಣಗಿದ್ದರೆ ಇಂಧನ ಬರುತ್ತಿಲ್ಲ. ತೊಯ್ದಿದ್ದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಕಿಡಿಯಿಲ್ಲ. ಒರೆಸಿ, ಒಣಗಿಸಿ, ಮತ್ತೆ ಹಾಕಿರಿ.

ಪೆಟ್ರೋಲಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಂದು ಬಂಕಿನ ಪೆಟ್ರೋಲಿನಲ್ಲಿ ಸುಮಾರು ಶೇಕಡಾ 20ರಷ್ಟು ಎಥನಾಲ್ ಇದೆ. ಎಥನಾಲ್ ತೇವ ಹೀರುತ್ತದೆ. ನಮ್ಮ ಆಷಾಢದ ಗಾಳಿಯಲ್ಲಿ ತೇವಕ್ಕೆ ಬರವೇ? ಹೀರಿದ ನೀರು ಮಿತಿಮೀರಿದಾಗ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಪೆಟ್ರೋಲು ಮೇಲುಳಿಯುತ್ತದೆ. ಟೂ ಸ್ಟ್ರೋಕ್ ಮೋಟಾರಿಗೆ ನಾವು ಬೆರೆಸಿದ ಎಣ್ಣೆಯೂ ಪೆಟ್ರೋಲಿನೊಡನೆ ಮೇಲೆಯೇ ಉಳಿಯುತ್ತದೆ. ಕೊಳವೆ ಎಳೆಯುವುದು ತಳದಿಂದ. ಹೀಗಾಗಿ ಎಂಜಿನ್ ಮೊದಲು ಕೆಮ್ಮುತ್ತದೆ, ಬಿಡದೆ ಓಡಿಸಿದರೆ ಎಣ್ಣೆಯಿಲ್ಲದೆ ಪಿಸ್ಟನ್ ಕಚ್ಚುತ್ತದೆ. ಆದ್ದರಿಂದ ಬೇಕಾದಷ್ಟೇ ಪೆಟ್ರೋಲು ತನ್ನಿರಿ. ಮಳೆಗಾಲಕ್ಕೆ ಮೋಟಾರು ಎತ್ತಿಡುವ ಮೊದಲು ಕಾರ್ಬುರೇಟರಿನ ಬಟ್ಟಲನ್ನು ತಪ್ಪದೆ ಬರಿದು ಮಾಡಿರಿ.

ಎಣ್ಣೆಯ ಪ್ರಮಾಣವನ್ನು ಅಂದಾಜಿನಲ್ಲಿ ಸುರಿಯಬಾರದು. 50ಕ್ಕೆ 1 ಎಂದು ಕೈಪಿಡಿಯಲ್ಲಿದ್ದರೆ ಲೀಟರಿಗೆ 20 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ 40. ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆ ಗೊಬ್ಬರದ ವಿಷಯದಲ್ಲಿರುವಂತೆ ಇಲ್ಲಿಯೂ ಇದೆ. ಟೂ ಸ್ಟ್ರೋಕ್ ಯಂತ್ರದಲ್ಲಿ ಒಂದಷ್ಟು ಇಂಧನ ಉರಿಯದೆಯೇ ಹೊಗೆಯೊಡನೆ ನೀರಿಗೆ ಸೇರುತ್ತದೆ. ಹೆಚ್ಚಾದ ಎಣ್ಣೆ ನಾವು ಮೀನು ಹಿಡಿಯುವ ನೀರಿಗೇ ಹೋಗುತ್ತದೆ.

ಇನ್ನು ತಂಪಿನ ವಿಚಾರ. ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿರಿ. ರಂಧ್ರಕ್ಕೆ ಕೆಸರು ಕಟ್ಟಿರಬಹುದು, ತೆಳು ತಂತಿಯಿಂದ ಬಿಡಿಸಿ ನೋಡಿ. ಅದಲ್ಲವಾದರೆ ನೀರೆತ್ತುವ ಇಂಪೆಲ್ಲರಿನ ರಬ್ಬರ್ ಎಸಳುಗಳು ಹರಿದಿವೆ. ದಡದಲ್ಲಿ ನೀರಿಲ್ಲದೆ ‘ಸುಮ್ಮನೆ ಒಮ್ಮೆ’ ಎಂಜಿನ್ ಹೊತ್ತಿಸಿ ನೋಡುವುದೇ ಇಂಪೆಲ್ಲರಿಗೆ ಮೃತ್ಯು. ಸ್ವಲ್ಪ ಹೊತ್ತಿನಲ್ಲೇ ಅದು ಸುಡುತ್ತದೆ. ಕೊಳೆರೋಗದ ಮದ್ದು ಹೊಡೆಯುವ ಪಂಪಿನ ವಾಷರನ್ನು ಮಳೆಯ ನಡುವೆಯೇ ಬದಲಿಸುವ ನಮ್ಮವರಿಗೆ ಇಂಪೆಲ್ಲರ್ ಬದಲಿಸುವುದು ಕಷ್ಟವಲ್ಲ. ಕೆಳಗಿನ ಕಾಲನ್ನು ಬಿಚ್ಚುವಾಗ ಬೋಲ್ಟುಗಳನ್ನು ತೆಗೆದ ಕ್ರಮದಲ್ಲೇ ಗೋಣಿಯ ಮೇಲಿಡಿ. ಇಂಪೆಲ್ಲರಿನ ಸಣ್ಣ ಕೀಲಿ ಕಳೆಯದಂತೆ ನೋಡಿಕೊಳ್ಳಿ.

ಗೇರೆಣ್ಣೆ ಹಾಲಿನಂತಾಗಿದ್ದರೆ ಒಳಗೆ ನೀರು ಹೊಕ್ಕಿದೆ. ಬಹುಮಟ್ಟಿಗೆ ಅಪರಾಧಿ ಬಲೆಯ ನೈಲಾನ್ ದಾರ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ. ಸೀಲು ಬದಲಿಸಿದ ಮೇಲೆ ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಹೊರಬರುವ ತನಕ ತುಂಬಬೇಕು. ಮೊದಲು ಮೇಲಿನ ತಿರುಪು, ಆಮೇಲೆ ಕೆಳಗಿನದು. ಹಳೆಯ ಎಣ್ಣೆ ಡಬ್ಬಿಯಲ್ಲಿ ಗ್ಯಾರೇಜಿಗೆ ಹೋಗಲಿ. ದಡದ ಮಣ್ಣಿಗೆ ಬೇಡ, ಬೇಲಿಯ ಕಂಬಕ್ಕೂ ಬೇಡ.

ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲವೆಂದಾದರೆ, ಇಲ್ಲವೇ ಗೇರು ಮುರಿದಿದ್ದರೆ, ಅಂಗಡಿಗೆ ಒಯ್ಯಿರಿ; ಅಲ್ಲಿ ನಮ್ಮ ಹಟ ನಡೆಯುವುದಿಲ್ಲ. ಹೊರಡುವಾಗ ಹುಟ್ಟು ಮಾತ್ರ ದೋಣಿಯಲ್ಲಿರಲಿ.

ಹೊರಗೆ ಅಂಗಳದಲ್ಲಿ ಡ್ರಮ್ಮಿಗೆ ನೀರು ತುಂಬಿಸಿ ಮೋಟಾರು ನಿಲ್ಲಿಸಿದ್ದೇವೆ. ಪ್ರೊಪೆಲ್ಲರ್ ತೆಗೆದಿಟ್ಟಿದೆ. ವಿದ್ಯಾರ್ಥಿಗಳು ಮೊದಲು ಬನ್ನಿ, ಕೈ ಮಸಿಯಾಗಲಿ.